ಸೊಂಟದ ಮಟ್ಟ

ಎರಡನೇ ಮಬ್ಬಿನ ನೂರ ಹದಿನಾಲ್ಕನೇ ವರ್ಷ,
ಹೆಪ್ಪಿನ ತಿಂಗಳು, ಮೂವತ್ತೇಳನೇ ದಿನ.
ಕೆಂಚನಕೆರೆ ಏರಿ ಹಟ್ಟಿಯಿಂದ.

ಹಾಲಪ್ಪ ಮೇಸ್ತ್ರಿಯವರಿಗೆ ಬೋಸಮ್ಮ ಮಾಡುವ ನಮಸ್ಕಾರ.

ಇವತ್ತು ಬೆಳಗಿನ ಜಾವ ಮತ್ತೆ ಅದೇ ಕನಸು ಬಿತ್ತು. ನನ್ನ ನಾದಿನಿ ಪಾಪಕ್ಕ ಕೆರೆಯೊಳಗೆ ನಿಂತಿದ್ದಾಳೆ. ನೀರು ಗಲ್ಲ ಮುಟ್ಟಿದೆ. ಸಿಟ್ಟಿಲ್ಲ, ಅಳು ಇಲ್ಲ, ಸುಮ್ಮನೆ ಕೇಳುತ್ತಾಳೆ, ಅತ್ತಿಗೆ, ನನ್ನ ಸೊಂಟ ಎಲ್ಲಿದೆ ಅಂತ. ಎದ್ದು ಕೂತವಳು ಮೊದಲು ಒಲೆ ಆರಿದೆಯಾ ನೋಡಿದೆ, ಆಮೇಲೆ ಬಾಗಿಲ ಅಗಳಿ ನೋಡಿದೆ, ಆಮೇಲೆ ಮತ್ತೆ ಒಲೆ ನೋಡಿದೆ. ನಾನು ಮೊದಲಿಂದಲೂ ಹಿಂಗೇ.

ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಿಮಗೂ ನನಗೂ ನಡುವೆ ಹತ್ತು ಹನ್ನೆರಡು ತಲೆಮಾರು ಕಳೆದಿವೆ. ತಿಂಗಳಿಗೆ ಮೂವತ್ತೇಳು ದಿನ ಎಲ್ಲಿಂದ ಬಂತು ಅನ್ನಬೇಡಿ, ಹೆಪ್ಪು ಕರಗುವ ತನಕ ಹೆಪ್ಪಿನ ತಿಂಗಳು ಮುಗಿಯುವುದಿಲ್ಲ, ನಮ್ಮ ಲೆಕ್ಕ ಹಾಗೆ. ಮಬ್ಬು ಅಂದರೆ ಮೇಲಿನ ಪುಡಿ. ನಿಮ್ಮ ನಂತರದವರು ಬಿಸಿಲು ತಾಳಲಾರದೆ ಎರಡು ಸಲ ಆಕಾಶಕ್ಕೆ ಎರಚಿದರಂತೆ, ಎರಡನೆಯದು ಇನ್ನೂ ಕೆಳಗೆ ಇಳಿದಿಲ್ಲ. ನಾನು ಓದಿದ್ದು ಮೂರು ಚಳಿಗಾಲ ಮಾತ್ರ. ಆಮೇಲೆ ಶಾಲೆಯ ಒಲೆಗೆ ಸೌದೆ ಸಾಲದೆ ಮುಚ್ಚಿದರು. ತಾಲ್ಲೂಕು ಕಚೇರಿಯಲ್ಲಿ ಹಿನ್ನಂಚೆ ಅಂತ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಅದರಲ್ಲಿ ಹಾಕಿದ ಕಾಗದ ಹಿಂದಿನ ಕಾಲದವರ ಕೈ ಸೇರುತ್ತದೆ ಅನ್ನುತ್ತಾರೆ. ಯಾರಿಗೂ ಉತ್ತರ ಬಂದಿದ್ದು ನಾನು ಕೇಳಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಕೆರೆಯ ಅಳತೆಕಲ್ಲು ನೆಟ್ಟವರು ನೀವು. ಕಲ್ಲಿನ ಮೇಲೆ ನಿಮ್ಮ ಹೆಸರಿದೆ.

ಇಲ್ಲಿ ವರ್ಷಕ್ಕೊಮ್ಮೆ ಮುಕ್ಕಟ್ಟು ನಡೆಯುತ್ತದೆ. ಮೂರು ಕಟ್ಟಿನ ಪಂದ್ಯ. ಮೊದಲು ಗದ್ದೆ ಬಯಲಲ್ಲಿ ಸೈಕಲ್ಲು, ಆಮೇಲೆ ಕೆಸರಲ್ಲಿ ಎರಡು ಹರಿದಾರಿ ಓಟ, ಕೊನೆಗೆ ಕೆರೆ ದಾಟಬೇಕು. ನಿಮ್ಮ ಕಾಲದಲ್ಲಿ ಇಂಥದ್ದನ್ನು ಜನ ಶೋಕಿಗೆ ಓಡುತ್ತಿದ್ದರಂತೆ, ದುಡ್ಡು ಕೊಟ್ಟು ಕೆಸರಲ್ಲಿ ಬೀಳುತ್ತಿದ್ದರಂತೆ. ನಮಗೆ ಹಾಗಲ್ಲ. ಮಂಜು ಕರಗಿ ತೂಬು ಎತ್ತಿದಾಗ ಮೊದಲ ನೀರು ಗೆದ್ದವರ ಹಟ್ಟಿಗೆ. ಕೊನೆಯ ಹಟ್ಟಿಗೆ ನೀರು ಮುಟ್ಟುವ ಹೊತ್ತಿಗೆ ಮತ್ತೆ ಹೆಪ್ಪು ಕಟ್ಟಿರುತ್ತದೆ, ರಾಗಿ ಮೊಳೆಯುವುದಿಲ್ಲ. ಹಾಗಾಗಿ ಓಡುವವರು ಮೈಗೆಲ್ಲ ಕುರಿಕೊಬ್ಬು ಸವರಿಕೊಂಡು, ಸೈಕಲ್ಲಿನ ಗಾಲಿಗೆ ಹುರಿಹಗ್ಗ ಸುತ್ತಿ, ಬಿಸಿ ಅಂಬಲಿ ಕುಡಿದು ಹೊರಡುತ್ತಾರೆ. ಅರ್ಧ ದಾರಿಗೆ ಹುಬ್ಬಿನ ಮೇಲೆ ಮಂಜು ಕೂತಿರುತ್ತದೆ, ಬ್ರೇಕು ಹಿಡಿದ ಕೈಬೆರಳು ಬಿಚ್ಚಲು ಬರುವುದಿಲ್ಲ. ನಮ್ಮ ಹಟ್ಟಿಗೆ ಏಳು ವರ್ಷದಿಂದ ಓಡಿದವಳು ಪಾಪಕ್ಕ.

ಇನ್ನು ನನ್ನ ಕೆಲಸ. ನಾನು ಕೆರೆಯ ಅಳತೆಯವಳು. ಪಂದ್ಯಕ್ಕೆ ಮುಂಚೆ ಉದ್ದನೆಯ ಗಳ ಹಿಡಿದು, ದಾಟುವ ಜಾಗದಲ್ಲಿ ಹೆಜ್ಜೆ ಹೆಜ್ಜೆಗೂ ಕುತ್ತಿ ಆಳ ನೋಡಬೇಕು. ಓಡಿ ಬಂದವರು ದಡದಲ್ಲಿ ನಿಂತು ಎಷ್ಟಿದೆ ಅಂತ ಕೇಳಬೇಕು, ನಾನು ಬಾಯಿಬಿಟ್ಟು ಹೇಳಬೇಕು. ಹೇಳದೆ ಯಾರೂ ಕಾಲಿಡುವ ಹಾಗಿಲ್ಲ. ಹಿಂದಿನಿಂದ ಬಂದ ಪದ್ಧತಿ. ನನ್ನಂಥ ಅಂಜುಬುರುಕಿಗೆ ಇದೇ ಸರಿಯಾದ ಕೆಲಸ ಅಂತ ಕೊಟ್ಟರು.

ಹೋದ ವರ್ಷ ನಾನು ಮೂರು ಸಲ ಕುತ್ತಿದೆ. ಎರಡನೇ ಸಲಕ್ಕೂ ಅಳತೆ ಅದೇ ಬಂತು, ಆದರೂ ಮನಸ್ಸು ಕೇಳಲಿಲ್ಲ. ಪಂದ್ಯ ಶುರುವಾಗುವುದು ಬಹಳ ತಡವಾಯಿತು. ಓಡುವವರೆಲ್ಲ ಗೆರೆಯ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಪಾಪಕ್ಕನ ಬಲಗಾಲಿನ ಎರಡು ಬೆರಳು ಕಪ್ಪಗಾದವು, ಆಮೇಲೆ ಕತ್ತರಿಸಿ ತೆಗೆಯಬೇಕಾಯಿತು. ಅವಳು ಒಂದು ದಿನವೂ ನನ್ನನ್ನು ಅನ್ನಲಿಲ್ಲ. ಎರಡು ಬೆರಳಿನ ಭಾರ ಕಮ್ಮಿಯಾಯಿತು, ಇನ್ನೂ ಜೋರಾಗಿ ಓಡುತ್ತೇನೆ ಅಂತ ನಗುತ್ತಿದ್ದಳು. ಮುದ್ದೆಗೆ ಉಪ್ಪು ನೋಡಿದೆಯಾ ಅತ್ತಿಗೆ, ಮೂರು ಸಲ ನೋಡಿದೆಯಾ ಅಂತ ಕಿಚಾಯಿಸುತ್ತಿದ್ದಳು. ಬೇರೆ ಹಟ್ಟಿಯವರು ಹಾಗೆ ನಗುತ್ತಿರಲಿಲ್ಲ. ಗಳದ ಬೋಸಿ ಬಂದಳು, ಕಂಬಳಿ ಹೊದ್ದುಕೊಳ್ಳಿ, ಸಂಜೆಯಾಗುತ್ತದೆ ಅನ್ನುತ್ತಿದ್ದರು.

ಈ ವರ್ಷ ತೂಬಿನ ಹತ್ತಿರ ಮಂಜುಗಡ್ಡೆ ಒಡೆಯಲೇ ಇಲ್ಲ. ಯಾವಾಗಲೂ ದಾಟುವ ಜಾಗ ಅದು, ಕೆಳಗೆ ಕಲ್ಲು ಹಾಸಿದೆ. ಪಂದ್ಯದ ಯಜಮಾನ ದಾನಪ್ಪ ದಾರಿ ಬದಲಾಯಿಸಿ, ನಿಮ್ಮ ಕಲ್ಲಿನ ಪಕ್ಕ ಗಡ್ಡೆ ಒಡೆದಿದೆ, ಅಲ್ಲಿ ದಾಟಲಿ ಅಂದರು. ನಾನು ಗಳ ಎತ್ತಿಕೊಂಡೆ. ಅವರು ಬೈಯಲಿಲ್ಲ, ಕಲ್ಲು ಎರಡು ಮೊಳ ತೋರಿಸುತ್ತಿದೆ, ಇಷ್ಟು ಕಾಲದಿಂದ ನಿಂತ ಕಲ್ಲಿಗಿಂತ ನಿನ್ನ ಗಳ ದೊಡ್ಡದಾ, ಹುಡುಗಿಯರ ಕಾಲು ನೋಡು ಅಂದರು. ನಾನು ಪಾಪಕ್ಕನ ಕಾಲು ನೋಡಿದೆ. ಮೂರು ಬೆರಳು ನೆಲಕ್ಕೆ ಒತ್ತಿಕೊಂಡಿದ್ದವು. ಗಳ ಕೆಳಗಿಟ್ಟೆ.

ಆ ದಿನ ಅವಳೇ ಮುಂದೆ ಬಂದಳು. ಏರಿ ತಿರುವಿನಲ್ಲಿ ಅವಳ ಕೆಂಪು ಟೊಪ್ಪಿ ಕಂಡಾಗ ನಮ್ಮ ಹಟ್ಟಿಯವರು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ತೊಡೆಯ ತನಕ ಕೆಸರು, ಬಾಯಿಂದ ಹೊಗೆ. ದಡದಲ್ಲಿ ನಿಂತಳು.

"ಎಷ್ಟಿದೆ ಅತ್ತಿಗೆ?"

"ಸೊಂಟದ ಮಟ್ಟ. ಹೋಗು."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, "ಒಂದೇ ಸಲ ನೋಡಿದೆಯಾ? ಭಲೆ" ಅಂದಳು. ನಗುತ್ತಲೇ ಇಳಿದಳು.

ಎಂಟು ಹೆಜ್ಜೆ ಸರಿಯಾಗಿ ಹೋದಳು, ನಾನು ಎಣಿಸಿದ್ದೇನೆ. ಒಂಬತ್ತಕ್ಕೆ ಎದೆ ತನಕ ಇಳಿದಳು. ಹಿಂದೆ ತಿರುಗಲು ನೋಡಿದಳು, ಕೆಳಗೆ ಕಾಲು ಕಚ್ಚಿಕೊಂಡಿತ್ತು. ಹಗ್ಗ ಎಸೆದರು, ಏಣಿ ಹಾಸಿ ಅದರ ಮೇಲೆ ಮಲಗಿಕೊಂಡು ಕೈ ಚಾಚಿದರು. ಹಿಂದೆ ಬರುತ್ತಿದ್ದ ಬೇರೆ ಹಟ್ಟಿಯ ಹುಡುಗಿಯರೂ ಪಂದ್ಯ ಬಿಟ್ಟು ಹಗ್ಗ ಹಿಡಿದರು. ಎಳೆದು ಹಾಕುವ ಹೊತ್ತಿಗೆ ಕೆರೆಯ ಚಳಿ ಅವಳನ್ನು ಮುಗಿಸಿತ್ತು. ನಾನು ಅವಳ ಅಂಗಾಲು ಉಜ್ಜುತ್ತಲೇ ಇದ್ದೆ. ನನ್ನ ಗಂಡ ಗಾದ್ರಪ್ಪ ಬಂದು, ತನ್ನ ತಂಗಿಯ ಕಾಲನ್ನು ನನ್ನ ಕೈಯಿಂದ ಬಿಡಿಸಿದ.

ಮಾರನೇ ದಿನ ಅಲ್ಲೇ ಗಳ ಕುತ್ತಿದೆ. ಎರಡು ಮೊಳ ನೀರು, ನಿಮ್ಮ ಕಲ್ಲು ಹೇಳಿದ್ದು ನಿಜ. ಅದರ ಕೆಳಗೆ ಮೂರು ಮೊಳ ಅಂಬಲಿಯಂಥ ಹೂಳು. ಕಲ್ಲಿನ ಬುಡದ ಪಾಚಿ ಕೆರೆದಾಗ ನೀವು ಕೊರೆದ ಸಾಲು ಕಂಡಿತು, ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನೆಟ್ಟಿದ್ದು ಅಂತ. ಬೇಸಿಗೆ ಹೇಗಿತ್ತು ಅಂತ ಹಟ್ಟಿಯ ಮುದುಕರನ್ನು ಕೇಳಿದೆ. ಅವರೂ ಕಂಡಿಲ್ಲ, ಅವರ ಅಜ್ಜಿಯರು ಹೇಳಿದ್ದು ಕೇಳಿದ್ದಾರೆ. ಕೆರೆಯ ಹೂಳು ಒಣಗಿ ಬಿರುಕು ಬಿಟ್ಟು ಇಟ್ಟಿಗೆಯ ಹಾಗೆ ಆಗುತ್ತಿತ್ತಂತೆ, ಮೇಲೆ ಎತ್ತಿನಗಾಡಿ ಹೋಗುತ್ತಿತ್ತಂತೆ. ಆಗ ನನಗೆ ತಿಳಿಯಿತು. ನೀವು ಆ ಒಣಗಿದ ಹೂಳಿನ ಮೇಲೆ ನಿಂತು, ಇದೇ ನೆಲ ಅಂದುಕೊಂಡು, ಅಲ್ಲಿಂದ ಮೊಳ ಎಣಿಸಿದಿರಿ. ನಿಮ್ಮ ಕಾಲಿಗೆ ಅದು ನೆಲವೇ ಆಗಿತ್ತು. ನಮಗೆ ಬೇಸಿಗೆ ಇಲ್ಲ ಮೇಸ್ತ್ರಿಯವರೇ. ಅದು ಒಣಗುವುದೇ ಇಲ್ಲ.

ನಿಮ್ಮದು ತಪ್ಪು ಅಂತ ನಾನು ಬರೆಯುತ್ತಿಲ್ಲ. ಗಳ ನನ್ನ ಕೈಯಲ್ಲೇ ಇತ್ತು. ಹೋಗು ಅಂದಿದ್ದು ನಾನು. ಗಾದ್ರಪ್ಪ ಗಳವನ್ನು ಜಂತೆಯ ಮೇಲೆ, ನನ್ನ ಕೈಗೆ ಎಟುಕದ ಕಡೆ ಸಿಗಿಸಿದ್ದಾನೆ. ಊಟಕ್ಕೆ ಕೂತಾಗ ಉಪ್ಪು ನೋಡಿದೆಯಾ ಅಂತ ಕೇಳುವವರು ಮನೆಯಲ್ಲಿ ಯಾರೂ ಇಲ್ಲ. ನಾನೇ ಮೂರು ಸಲ ನೋಡುತ್ತೇನೆ. ನೀವು ಕಲ್ಲು ಸರಿ ನೆಟ್ಟರೆ ಅವಳು ಬದುಕಿರುತ್ತಾಳೆ, ಆಗ ನಾನು ಈ ಕಾಗದ ಬರೆದೇ ಇರುವುದಿಲ್ಲ, ಬರೆಯದಿದ್ದರೆ ನಿಮಗೆ ಹೇಗೆ ಮುಟ್ಟುತ್ತದೆ ಅಂತ ಯೋಚಿಸಿದರೆ ತಲೆ ಸುತ್ತುತ್ತದೆ. ಅದನ್ನು ನನಗಿಂತ ಹೆಚ್ಚು ಓದಿದವರು ಯೋಚಿಸಲಿ.

ನನ್ನದು ಇಷ್ಟೇ ಕೇಳಿಕೆ. ಕಲ್ಲಿಗೆ ಗೆರೆ ಕೊರೆಯುವ ಮುಂಚೆ ಉಳಿ ಕೆಳಗಿಡಿ. ಒಂದು ಗಳ ತಂದು ನಿಮ್ಮ ಕಾಲಿನ ಪಕ್ಕದಲ್ಲೇ ಕುತ್ತಿ. ಗಟ್ಟಿಯಾಗಿದೆ ಅನ್ನಿಸಿದರೂ ಬಿಡಬೇಡಿ, ನೀರು ಹೊಯ್ದು ನೆನೆಸಿ ಮತ್ತೆ ಕುತ್ತಿ, ಕೆಳಗಿನ ಬಂಡೆ ತಾಗಿ ಕೈ ಜುಮ್ಮೆನ್ನುವ ತನಕ. ಅಲ್ಲಿಂದ ಮೊದಲನೇ ಮೊಳ ಎಣಿಸಿ. ಕೂಲಿಯವರು ನಗಬಹುದು, ಹೊತ್ತಾಯಿತು ಅನ್ನಬಹುದು. ನಗಲಿ. ತಾಗಿತಾ? ನಿಮ್ಮ ದಮ್ಮಯ್ಯ, ಇನ್ನೊಂದು ಸಲ ಕುತ್ತಿ ನೋಡಿ.