ಕಂಡಿಕೆ ಕೊಡುವಷ್ಟು ಮೌನ

ಬನಹಟ್ಟಿ
೧೯ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ಮಧು,

ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ತಡವಾದುದಕ್ಕೆ ಕೆಲಸದ ನೆವ ಹೇಳಬಹುದಿತ್ತು, ಹೇಳುವುದಿಲ್ಲ. ಮೂರು ಸಲ ಬರೆದೆ, ಮೂರು ಸಲ ಹರಿದು ಒಲೆಗೆ ಹಾಕಿದೆ. ಫೋನಿನಲ್ಲಾದರೆ ನಾನು ಭಾಷಣಕ್ಕಿಳಿಯುತ್ತೇನೆ. ನೀನು ಧಾರವಾಡದಲ್ಲಿ ಕುಳಿತು "ಹೂಂ, ಹೂಂ" ಅನ್ನುತ್ತ ಗಿಟಾರಿನ ತಂತಿ ಬಿಗಿಮಾಡುತ್ತಿರುತ್ತೀ. ಅದು ನನಗೆ ಕೇಳಿಸುತ್ತದೆ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ಕ್ಷಮಿಸು, ಮತ್ತು ಓದು.

ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ಮೊದಲಿನಂತೆಯೇ ಇದೆ, ಬಾಯಿಯೂ. ನಿನ್ನ ಫೋನು ಎತ್ತುತ್ತಿಲ್ಲವೆಂದು ಬರೆದಿದ್ದೀ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈಗ ಮೋಟಾರು ರಾಟಿಯ ಮೇಲೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾಳೆ, ಅದರ ಸದ್ದಿಗೆ ರಿಂಗ್ ಕೇಳಿಸುವುದಿಲ್ಲ. ನಿಮ್ಮ ಮುಧೋಳದ ಮನೆಯವರು ಕಳೆದ ವಾರ ಇತ್ತ ಬಂದಿದ್ದರು. ಮಗಳ ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ನಿನ್ನಪ್ಪ "ಹಾಡು ಛಂದ ಐತಂತ" ಎಂದು ಒಪ್ಪಿಕೊಂಡಿದ್ದಾರೆ. "ಅಂತ" ಗಮನಿಸು. ಇನ್ನೂ ಕೇಳಿಲ್ಲ.

ಈಗ ಪತ್ರಿಕೆಯಲ್ಲಿ ನಿನ್ನ ಹಾಡಿನ ಬಗ್ಗೆ ಬಂದ ಆ ವಿಮರ್ಶೆಗೆ ಬರುತ್ತೇನೆ.

ಮೊದಲು ಸಂತೋಷವನ್ನು ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ನೆನಪಾಗಲಿಕ್ಕಿಲ್ಲ. ಹಿಂದೆ ಕಂಪನಿಯಿಲ್ಲ, ಮುಂದೆ ಪ್ರಾಯೋಜಕನಿಲ್ಲ. ಬಸ್ಸಿನಿಂದ ಬಸ್ಸಿಗೆ ಗಿಟಾರು ಹೊತ್ತು, ನಿನ್ನ ಹಾಡುಗಳ ಸಿ.ಡಿ. ಮುದ್ರಿಕೆಗಳನ್ನು ಚೀಲದಲ್ಲಿಟ್ಟು ನೀನೇ ಮಾರಿದವಳು. ಅಂಥವಳಿಗೆ ಎರಡು ಪೂರ್ತಿ ಪುಟ. "ಕರಿಯ ದುಡಿಮೆಗಾರರ ಬ್ಲೂಸ್‌ಗೂ ನೇಕಾರರ ಪದಕ್ಕೂ ನಡುವೆ ಒಂದೇ ನೂಲು ಎಳೆದ ದನಿ" ಎಂದು ಆ ವಿಮರ್ಶಕ ಬರೆದಿದ್ದಾನೆ. ಆ ಮಾತು ಸರಿ. ಅಮೆರಿಕದಲ್ಲಿ ಹತ್ತಿ ಬಿಡಿಸಿದವರ ಹಾಡು ಬನಹಟ್ಟಿಯಲ್ಲಿ ಹತ್ತಿ ನೇಯುವವರ ಹಾಡಿಗೆ ನೆಂಟನೇ. ಮಹಾವೀರನ ಝೆರಾಕ್ಸ್ ಅಂಗಡಿಯ ಮುಂದೆ ನನ್ನ ಎರಡು ಕಪಾಟಿನ ಓದುಮನೆ ಇದೆಯಲ್ಲ, ಅಲ್ಲಿ ವಿಮರ್ಶೆಯನ್ನು ದೊಡ್ಡದು ಮಾಡಿಸಿ ಅಂಟಿಸಿದ್ದೇನೆ. ಸಂತೋಷ ಮುಗಿಯಿತು.

ಇನ್ನು ಕೇಳು. "ಬಾಯಾರಿದ, ಬಿರಿದ ನೆಲದಿಂದ ಎದ್ದು ಬಂದ ಆರ್ತನಾದ" ಅಂತೆ. ಆ ಮನುಷ್ಯ ಇಲ್ಲಿ ಬನಹಟ್ಟಿಯಲ್ಲಾದ ನಿನ್ನ ಕಾರ್ಯಕ್ರಮಕ್ಕೆ ಒಂದು ತಾಸು ತಡವಾಗಿ ಬಂದದ್ದು ಯಾಕೆ? ಲೋಕಾಪುರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಅವನ ಕಾರು ಸಿಕ್ಕಿಬಿದ್ದಿತ್ತು. ಮುಂದೆ ಕಬ್ಬು, ಹಿಂದೆ ಕಬ್ಬು, ಎರಡೂ ಬದಿಗೆ ಕಬ್ಬಿನ ಗದ್ದೆ. ಅದರ ನಡುವೆ ಕುಳಿತು ಅವನು ಬಿರಿದ ನೆಲವನ್ನು ಕಂಡ. ಮನೆಯಿಂದ ಹೊರಡುವಾಗಲೇ ಬರೆದಿಟ್ಟುಕೊಂಡಿದ್ದನೇನೋ.

ಆಮೇಲೆ ನೀನು ಅವ್ವನಿಂದ ಕಲಿತ ಹಾಡಿನ ಮೌನ. ಕೊನೆಯ ಸಾಲಿಗೆ ಮುಂಚೆ ನೀನು ಗಿಟಾರು ನಿಲ್ಲಿಸುತ್ತೀಯಲ್ಲ, ಅದಕ್ಕೆ ಅವನು ಒಂದು ಇಡೀ ಪ್ಯಾರಾ ಕೊಟ್ಟಿದ್ದಾನೆ. "ಅಸ್ತಿತ್ವದ ಶೂನ್ಯವನ್ನು ದಿಟ್ಟಿಸುವ ನಾಲ್ಕು ಮಾತ್ರೆಗಳ ಮೌನ. ಆ ಶೂನ್ಯದೆದುರು ಸಭೆಯ ಮುದುಕರು ತಮಗರಿವಿಲ್ಲದೆಯೇ ಪ್ರಾರ್ಥನೆಯಲ್ಲಿ ಕೈ ಚಾಚಿದರು." ನೀನಾದರೂ ಹೇಳಬಾರದಿತ್ತೇ? ಲಾಳಿಯೊಳಗಿನ ಕಂಡಿಕೆಯ ನೂಲು ತೀರಿದರೆ ಮಗ್ಗ ನಿಲ್ಲುತ್ತದೆ. ಮಗ್ಗದ ಕುಣಿಯಲ್ಲಿ ಕುಳಿತ ನೇಕಾರ ತಲೆ ತಿರುಗಿಸದೆ ಎಡಗೈ ಚಾಚುತ್ತಾನೆ. ಪಕ್ಕದಲ್ಲಿ ರಾಟಿಗೆ ಕುಳಿತವಳು ನೂಲು ತುಂಬಿದ ಹೊಸ ಕಂಡಿಕೆಯನ್ನು ಆ ಅಂಗೈಯಲ್ಲಿಡುತ್ತಾಳೆ. ಅಷ್ಟು ಹೊತ್ತು ಅವಳ ಹಾಡೂ ನಿಲ್ಲುತ್ತದೆ, ಕೈಯೂ ಕಣ್ಣೂ ಅಲ್ಲಿರಬೇಕಾದ್ದರಿಂದ. ಅವ್ವ ಆ ಪದವನ್ನು ಹಾಗೆಯೇ ಹಾಡಿದಳು, ಓಣಿಯ ಹೆಂಗಸರು ಅವಳಿಂದ ಹಾಗೆಯೇ ಕಲಿತರು, ನೀನೂ ನಮ್ಮ ಪಡಸಾಲೆಯಲ್ಲಿ ಕುಳಿತು ಹಾಗೆಯೇ ಕಲಿತೆ.

ಗಿರಿಮಲ್ಲಪ್ಪಕಾಕಾ ನೆನಪಿದ್ದಾನಲ್ಲ, ನಮ್ಮ ಓಣಿಯ ಮೂಲೆಮನೆಯವನು, ನಲವತ್ತು ವರ್ಷ ಕೈಮಗ್ಗ ನೇಯ್ದವನು. ಅವತ್ತು ಮುಂದಿನ ಸಾಲಿನಲ್ಲಿ ಮೊದಲು ಕೈ ಚಾಚಿದವನೂ ಅವನೇ. ಅವನಿಗೆ ಆ ಪ್ಯಾರಾ ಓದಿ ಹೇಳಿದೆ. ಬೀಡಿ ಆರಿಸಿ ಇನ್ನೊಮ್ಮೆ ಓದಿಸಿದ.

"ಪ್ರಾರ್ಥನಿ ಎಲ್ಲಿಂದ ಬಂತ ಬೇ? ಕಂಡಿಕಿ ಬೇಡಿದ್ದ ಅದು. ಹಾಡ ಅಲ್ಲಿಗಿ ಬಂದ್ರ ಈ ಕೈ ತಾನ ಮುಂದ ಹೋಗತೈತಿ, ನನ್ನ ಕೇಳಿ ಹೋಗೂದಿಲ್ಲ. ಮಧುಗ ಹೇಳು, ಮುಂದಿನ ಸಲ ಹಾಡೂವಾಗ ಖರೇನ ಒಂದ ಕಂಡಿಕಿ ತರಲಿ. ಅಷ್ಟ ಮಂದಿ ಕೈ ಚಾಚಿ ಖಾಲಿ ಕೈಲೆ ಕುಂತೇವಿ, ಮರ್ಯಾದಿ ಹೋತು."

ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಕಾರ್ಯಕ್ರಮದ ಮರುದಿನ ಬೆಳಿಗ್ಗೆ ಆ ಮಹಾಶಯ ನಿನ್ನ ಜೊತೆ ನಮ್ಮ ಮನೆಗೆ ಚಹಾಕ್ಕೆ ಬಂದಿದ್ದು ನಿನಗೆ ಗೊತ್ತೇ ಇದೆ. ನೀನು ಹೊರಗೆ ಫೋನಿನಲ್ಲಿದ್ದಾಗ ಅವನು ಅವ್ವನನ್ನು, ಈ ಹಾಡು ಎಷ್ಟು ಹಳೆಯದಮ್ಮಾ ಎಂದು ಕೇಳಿದ. ಅವ್ವ, ನನ್ನ ಮಗಳ ವಯಸ್ಸಿಂದರಿ, ಎಂದಳು. ಇದ್ದದ್ದನ್ನೇ ಹೇಳಿದಳು. ನಾನು ತೊಟ್ಟಿಲಲ್ಲಿದ್ದಾಗ ಕಟ್ಟಿದ ಪದ ಅದು. ಅವನು ತಲೆದೂಗಿ ಬರೆದುಕೊಂಡ. ಅಚ್ಚಾದದ್ದು ಏನು ಗೊತ್ತೇ? "ನಮ್ಮ ಹಾಡುಗಳಿಗೆ ನಮ್ಮ ಹೆಣ್ಣುಮಕ್ಕಳಷ್ಟೇ ವಯಸ್ಸು, ಎನ್ನುತ್ತಾಳೆ ಹೆಸರಿಲ್ಲದ ಜನಪದ ತಾಯಿ." ಎದುರಿಗೆ ಕುಳಿತು ಅವಳ ಕೈಯ ಚಹಾ ಕುಡಿದು, ಇನ್ನೊಂದರ್ಧ ಲೋಟ ಬೇಡಿ ಹಾಕಿಸಿಕೊಂಡವನು. ಹೆಸರು ಕೇಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು?

ಇನ್ನು ಹಾಡಿನ ಅರ್ಥ. ಅದು ಸಾವಿನ ಹಾಡಂತೆ.

ಈಗ ಬಂದೆ ಅಂದಾಂವ ಎಲ್ಲಿಗಿ ಹ್ವಾದ್ಯೋ,
ಹೊತ್ತ ಮುಳುಗಾಕ ಬಂತು,
ಲಾಳಿ ಹೋಗಿ ತಿರುಗಿ ಬಂತು,
ನೀ ಒಬ್ಬ ಬರಲಿಲ್ಲ.

ಅಪ್ಪ ಸತ್ತದ್ದು ಮೂರು ವರ್ಷದ ಹಿಂದೆ. ಪದ ಕಟ್ಟಿದ್ದು ಅವನು ಗಟ್ಟಿಮುಟ್ಟಾಗಿದ್ದಾಗ. "ಈಗ ಬಂದೆ" ಎಂದು ಕುಣಿಯಿಂದೆದ್ದು ಚಹಾದಂಗಡಿಗೆ ಹೋದರೆ ಎರಡು ತಾಸು ಪತ್ತೆಯಿರುತ್ತಿರಲಿಲ್ಲ. ಜೊತೆಗೆ ಮಿರ್ಚಿಭಜಿ, ಗಿರಿಮಲ್ಲಪ್ಪಕಾಕಾನ ಹರಟೆ. ಅವನು ತಿರುಗಿ ಬಂದು ಮಗ್ಗಕ್ಕೆ ಕುಳಿತ ಮೇಲೆ ಅವನಿಗೆ ಕೇಳಿಸಲೆಂದೇ ಅವ್ವ ಹಾಡುತ್ತಿದ್ದ ಚುಚ್ಚುಮಾತು ಅದು. ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರಿಗೆ ಅದನ್ನೇ ಬಳಸಿದರು. ಅಷ್ಟಕ್ಕೆ "ಮರಣದ ನದಿಯ ಆಚೆ ದಡವನ್ನು ಕರೆಯುವ ಬ್ಲೂಸ್" ಎಂಬ ಹೊಗಳಿಕೆ.

ಇದನ್ನು ಓದಿ ಹೇಳಿದರೆ ಅವ್ವ ನಕ್ಕು ಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ನೂಲಿನ ಎಳೆಗೆ ಗಂಟುಹಾಕಿ ಹೇಳಿದಳು.

"ಬರದಾಂವ ದಡ್ಡ ಅಲ್ಲ ತಗೋ. ಕಟ್ಟಿದಾಗ ಅದು ನಗಸೂ ಹಾಡ ಇತ್ತು. ಈಗ ಮಧು ಹಾಡಿದಂಗ ಆಗೇತಿ."

ನನ್ನ ಎರಡು ಕಪಾಟಿನ ಯಾವ ಹೊತ್ತಗೆಯಲ್ಲೂ ಅದಕ್ಕೆ ಉತ್ತರವಿಲ್ಲ. ತಪ್ಪು ದಾರಿಯಲ್ಲಿ ಬಂದವನು ಸರಿಯಾದ ಮನೆಗೆ ಮುಟ್ಟಿದರೆ ಅವನನ್ನು ಹೇಗೆ ಬೈಯುವುದು? ಆದರೂ ಬೈಯುತ್ತೇನೆ. ಅವನು ಮುಟ್ಟಿದ್ದು ನಿನ್ನ ದನಿಯ ದೆಸೆಯಿಂದ. ನೀನು ಅಪ್ಪನ ಮಣ್ಣಿಗೆ ಬಂದವಳು, ಆ ಸಾಲಿಗೆ ಬಂದಾಗ ನಿನ್ನ ಗಂಟಲು ಒಡೆಯುವುದು ಯಾಕೆಂದು ನನಗೆ ಗೊತ್ತು. ಅವನು ಅದನ್ನು "ಪಳಗಿದ ಶೈಲಿ" ಎಂದಿದ್ದಾನೆ.

ಸಾಕು. ಇಲ್ಲಿಯ ಸುದ್ದಿ ಕೇಳು. ಪವರ್‌ಲೂಮ್ ಶೆಡ್ಡುಗಳಲ್ಲಿ ಹೆಂಗಸರಿಗೆ ಶೌಚಾಲಯ ಬೇಕೆಂದು ನಾನು ಹಂಚಿದ ಕರಪತ್ರಕ್ಕೆ ಒಬ್ಬ ಮಾಲೀಕ ಉತ್ತರ ಕೊಟ್ಟ. ಅದರ ಹಿಂಬದಿಗೆ ಬಾಬಿನ್ ಲೆಕ್ಕ ಬರೆದು ಗೋಡೆಗೆ ತೂಗುಹಾಕಿದ್ದಾನೆ. ಹುನ್ನೂರಿನ ಹುಡುಗಿಯರು ನಿನ್ನನ್ನು ತಮ್ಮೂರಿಗೂ ಕರೆಸಬೇಕೆನ್ನುತ್ತಿದ್ದಾರೆ. ಬಂದರೆ ಬಸ್ ಚಾರ್ಜು ಮತ್ತು ಕಡಕ್ ರೊಟ್ಟಿ, ಅದಕ್ಕಿಂತ ಹೆಚ್ಚಿಲ್ಲ.

ನೀನು ಕೇಳಿದ ಒಂದು ಪ್ರಶ್ನೆ ಉಳಿಯಿತು. ಮಾರ್ಚ್ ಕೊನೆಗೆ ಮುದ್ರಿಕೆ ಎರಡನೇ ಸಲ ಅಚ್ಚಾಗುತ್ತದೆ, ಹೊದಿಕೆಯ ಹಿಂಬದಿಗೆ ಆ ಹಾಡಿನ ಕೆಳಗೆ ಏನು ಹಾಕಲಿ ಎಂದಿದ್ದೀ. ಅದರ ಬಗ್ಗೆ ಒಂದು ದೊಡ್ಡ ಪ್ಯಾರಾ ಬರೆದಿದ್ದೆ, ಈಗ ಹೊಡೆದುಹಾಕಿದೆ. ಬೇರೆ ಬರೆಯುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ರಾತ್ರಿ ಬಸ್ಸಿನಲ್ಲಿ ಕಿಟಕಿ ಹಾಕಿಕೊ, ಗಂಟಲಿಗೆ ಗಾಳಿ ಹೊಡೆಯುತ್ತದೆ. ಅವ್ವ ಈ ಸಲ ಏನನ್ನೂ ಹೇಳಿ ಕಳಿಸಿಲ್ಲ. ಹಾಗಾಗಿ ಹಿರಿಯರು ಹರಸುವ ಮಾತನ್ನು ನಾನೇ ಬರೆಯುತ್ತಿದ್ದೇನೆ: ನಿನ್ನ ನೂಲು ಹರಿಯದಿರಲಿ, ಹರಿದಲ್ಲಿ ಗಂಟು ಕಾಣದಿರಲಿ.

ನಿನ್ನ
ದಾನೇಶ್ವರಿ

ತಾ.ಕ.: ರಾಟಿಯ ಸದ್ದಿನ ಮಾತು ಸುಳ್ಳು. ಅವ್ವನಿಗೆ ರಿಂಗ್ ಕೇಳಿಸುತ್ತದೆ. ನಿನ್ನ ಹೆಸರು ನೋಡಿ ಫೋನನ್ನು ಬೋರಲು ಹಾಕುತ್ತಾಳೆ.

ಹೋದ ಆಗಸ್ಟಿನಲ್ಲಿ ನೀನು ನಮ್ಮ ಪಡಸಾಲೆಯಲ್ಲಿ ಕುಳಿತು ಹೊದಿಕೆಗೆ ಹಾಡುಗಳ ಪಟ್ಟಿ ಬರೆದೆ. ಮೂರನೇ ಹಾಡಿನ ಎದುರಿಗೆ ಪೆನ್ಸಿಲ್ಲಿನಲ್ಲಿ "ಪದ: ತಾರವ್ವ ಕಾಶಪ್ಪ, ಬನಹಟ್ಟಿ" ಎಂದು ಅವ್ವನ ಹೆಸರನ್ನು ನೀನೇ ಬರೆದಿದ್ದೆ. ಪೆನ್ಸಿಲ್ಲು ಕಸಿದುಕೊಂಡು ಅದನ್ನು ಹೊಡೆದುಹಾಕಿ "ಸಾಂಪ್ರದಾಯಿಕ" ಎಂದು ಬರೆದವಳು ನಾನು. ದುಡಿಯುವವರ ಹಾಡಿಗೆ ಒಡೆಯರಿಲ್ಲ, ಹೆಸರು ಹಾಕುವುದು ಮಾಲೀಕರ ಚಟ, ಎಂದು ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಹದಿನಾರು ಪುಟದ ಹೊತ್ತಗೆಯನ್ನು ನಿನ್ನ ಮುಂದೆ ಆಡಿಸಿದೆ. ನೀನು, ಅವ್ವನ್ನ ಒಂದ ಮಾತ ಕೇಳೂಣಲ್ಲ, ಎಂದೆ. ಅವ್ವಗ ಇದೆಲ್ಲಾ ಬೇಕಾಗಿಲ್ಲ ಎಂದೆ ನಾನು. ಅವಳು ಗೋಡೆಯಾಚೆ ನಮಗೆ ರೊಟ್ಟಿ ಬಡಿಯುತ್ತಿದ್ದಳು. ಮೊನ್ನೆ ಆ ಹೊತ್ತಗೆಯನ್ನು ಮತ್ತೆ ತೆಗೆದು ನೋಡಿದೆ. ಬರೆದವನ ಹೆಸರು ಮುಖಪುಟದ ಮೇಲೆ ದಪ್ಪಕ್ಷರದಲ್ಲಿದೆ. ಒಳಗೆ ಫೋಟೊ ಕೂಡ.

ವಿಮರ್ಶೆ ಓದುವಾಗ "ಹೆಸರಿಲ್ಲದ ತಾಯಿ" ಎಂಬ ಸಾಲನ್ನು ಹಾರಿಸಬೇಕೆಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. ಅವ್ವ ರಾಟಿ ನಿಲ್ಲಿಸಿದಳು.

"ಮ್ಯಾಲಿನ ಕಾಗದದಾಗ ಮಧು ನನ್ನ ಹೆಸರ ಬರದಿಲ್ಲೇನ?"

"ಮರತಿರಬೇಕ" ಎಂದೆ.

ಒಂದೇ ಮಾತು, ಮಧು. ಊರಿಗೆಲ್ಲ ಕರಪತ್ರ ಹಂಚುವ ನನ್ನ ಬಾಯಿಂದ ಅವತ್ತು ಬಂದದ್ದು ಅದೊಂದೇ. ಅವ್ವ, "ನಮ್ಮನಿಯಾಗ ಉಂಡ ಬೆಳದ ಹುಡುಗಿ" ಎಂದಳು. ಮತ್ತೆ ಮೋಟಾರು ಹಾಕಿದಳು. ಅವತ್ತಿನಿಂದ ನಿನ್ನ ಫೋನು ಬೋರಲು ಬೀಳುತ್ತಿದೆ. ಇಷ್ಟಾದರೂ ನಿನ್ನ ಪತ್ರದಲ್ಲಿ "ಹೊಡೆದುಹಾಕಿದವಳು ನೀನೇ ಅಲ್ಲವೇ" ಎಂಬ ಒಂದು ಸಾಲಿಲ್ಲ. ಮೂರು ಸಲ ಕಾಗದ ಹರಿಸಿದ್ದು ನಿನ್ನ ಆ ಒಳ್ಳೆಯತನವೇ. ಆ ವಿಮರ್ಶಕ ಹೊದಿಕೆ ನೋಡಿ ಬರೆದ. ಹೊದಿಕೆಯ ಮೇಲಿದ್ದದ್ದು ನನ್ನ ಅಕ್ಷರ.

ಅವತ್ತು ಸಭೆಯಲ್ಲಿ ಮುದುಕರ ಕೈಗಳು ಮುಂದೆ ಬಂದಾಗ ನಾನು ತಿರುಗಿ ಹೆಂಗಸರ ಸಾಲಿನಲ್ಲಿದ್ದ ಅವ್ವನನ್ನು ನೋಡಿದೆ. ಅವಳ ಬಲಗೈಯೂ ಎದ್ದಿತ್ತು, ಮೂರು ಬೆರಳು ಕೂಡಿಸಿ, ಕೊಡುವ ಹಾಗೆ. ನೀನು ಕೊನೆಯ ಸಾಲು ಎತ್ತಿಕೊಳ್ಳುವವರೆಗೂ ಅದನ್ನು ಇಳಿಸಲಿಲ್ಲ.

ಹೊದಿಕೆಗೆ ಹೀಗೆ ಹಾಕು: ಪದ ಕಟ್ಟಿದವರು ತಾರವ್ವ ಕಾಶಪ್ಪ, ಬನಹಟ್ಟಿ. ಆದರೆ ಅವಳನ್ನು ಕೇಳಿದ ಮೇಲೆ ಹಾಕು. ಈಗ ಈ ಕಾಗದವನ್ನು ಅವಳ ಮುಂದೆ ಓದಲು ಎದ್ದಿದ್ದೇನೆ, ಈ ತಾ.ಕ. ಸಮೇತ. ಇದು ನಿನ್ನ ಕೈ ಸೇರುವ ಹೊತ್ತಿಗೆ ಅವ್ವನ ಫೋನು ಬಂದಿರಬೇಕು. ಬಂದಿರದಿದ್ದರೆ ನನಗೆ ಧೈರ್ಯ ಸಾಲಲಿಲ್ಲವೆಂದು ತಿಳಿ. ಆಗ ನೀನೇ ಬಸ್ ಹತ್ತಿ ಬಾ. ನಾನು ಎದುರಿಗೆ ಕುಳಿತಿರುವಾಗಲೇ ಅವಳಿಗೆ ಇದನ್ನು ಓದಿ ಹೇಳು.