ಬಿಸಿ ಸೀಟು

ಬೈರಕೂರು, ಸೋಮವಾರ

ತಮ್ಮ ಮುರಳಿಮೋಹನನಿಗೆ,

ನೀನು ನಿಮ್ಮ ಭಾವನ ತಲೆಗೆ ಕಟ್ಟಿದ ಆ ಹಳೆಯ ಇಂಗ್ಲೆಂಡಿನ ಐಷಾರಾಮಿ ಕಾರನ್ನು ನಿನ್ನೆ ಮುಳಬಾಗಿಲಿನಿಂದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದೆವು. ಒಳಗೆ ಕೂತ ನಿಮ್ಮ ಭಾವ, ಗೆದ್ದ ಪಂಚಾಯ್ತಿ ಮೆಂಬರ್ ಹಾಗೆ ದಾರಿಯುದ್ದಕ್ಕೂ ಕೈ ಬೀಸುತ್ತಿದ್ದರು. ಪಕ್ಕದಲ್ಲಿದ್ದ ನನಗೆ ತಲೆ ಎತ್ತಲಾಗಲಿಲ್ಲ.

"ಅಕ್ಕಾ, ಇದರ ಸಾಮಾನು ಲಂಡನ್ನಿಂದಾನೇ ಬರ್ಬೇಕು, ನನ್ ಕೈಲಾಗಲ್ಲ" ಅಂದುಬಿಟ್ಟ ಅಲ್ಲಿನ ಮೆಕ್ಯಾನಿಕ್. ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಎ.ಸಿ. ಇಲ್ಲ. ಕೀ ತಿರುಗಿಸಿದರೆ ಮುಂದಿನ ಸೀಟು ಮಾತ್ರ ಬಿಸಿಯಾಗುತ್ತದೆ. ಈ ಬೇಸಿಗೆಯಲ್ಲಿ ಅದು ಯಾರಿಗೆ ಬೇಕಾಗಿತ್ತು?

ಭಾನುವಾರದೊಳಗೆ ಬಂದು ಕಾರು ತೆಗೆದುಕೊಂಡು ಹೋಗು. ಆ ಸೀಟನ್ನು ಮಾತ್ರ ಬಿಚ್ಚಿ ಇಲ್ಲೇ ಇಡು. ಟೊಮ್ಯಾಟೊ ಬಿಡಿಸಿ ಬಂದು ಅದಕ್ಕೆ ಒರಗಿ ಕೂತರೆ ನನ್ನ ಸೊಂಟದ ನೋವು ಇಳಿಯುತ್ತದೆ.

ಬ್ಯಾಟರಿಯನ್ನೂ ಬಿಟ್ಟು ಹೋಗು.

ಸಿಟ್ಟು ಇನ್ನೂ ಇಳಿಯದ ನಿನ್ನ ಅಕ್ಕ,
ಭಾರತಮ್ಮ