ಚಾದಾಗ ನುಂಗಿದ ಗುಳಿಗೆ

೩ ಜುಲೈ, ಗುರುವಾರ. ಸಂಜೆ ೬

ಇವತ್ತೂ ಹನ್ನೊಂದು ಮನೆ. ರಕ್ತ ನೋಡಲು ಹನ್ನೊಂದು ಬೆರಳು ಚುಚ್ಚಿದೆ. ಎಲ್ಲ ಕಡೆ ಅದೇ ಪ್ರಶ್ನೆ — ದಿನಕ್ಕೆ ಎಷ್ಟು ಸಲ ಚಾ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ಹೊತ್ತು ಕುದಿಸ್ತೀರಿ. ನಾಗಲಗಿದ್ದದಿಂದ ನಾರಾಯಣಖೇಡದ ರೂಮಿಗೆ ಬರುವಷ್ಟರಲ್ಲಿ ಸೊಂಟ ಹೋಯ್ತು. ಎಂಎಸ್ಸಿ ಬಯೋಕೆಮಿಸ್ಟ್ರಿ ಓದಿದ್ದು ಇದಕ್ಕೆ!

ಸ್ಟಡಿ ಮಾತ್ರ ಒಳ್ಳೆಯದೇ. ಚಾ ಎಲೆಯ ಪಾಲಿಫಿನಾಲ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತೆ, ರಕ್ತಕ್ಕೆ ಸೇರಲು ಬಿಡಲ್ಲ. ಇದು ಲ್ಯಾಬಿನಲ್ಲಿ ಗೊತ್ತಿರುವ ಸಂಗತಿ. ನಮ್ಮ ಕಡೆಯ ಊಟ ಉಣ್ಣುವ ಬಸುರಿಯರಲ್ಲಿ ಎಷ್ಟು ಪರಿಣಾಮ — ಅದು ಗೊತ್ತಿಲ್ಲ. ಸರ್ಕಾರದ ಕಬ್ಬಿಣದ ಗುಳಿಗೆ ಎಲ್ಲರಿಗೂ ಸಿಗುತ್ತೆ. ಕಂಗ್ಟಿ ಕಡೆಯ ಊರುಗಳಲ್ಲಿ 'ಊಟ, ಗುಳಿಗೆ ಆಗಿ ಒಂದು ತಾಸು ಚಾ ಬೇಡ' ಅಂತ ಹೇಳಿದ್ದೇವೆ. ನಾಗಲಗಿದ್ದ ಕಡೆ ಏನೂ ಹೇಳೋ ಹಾಗಿಲ್ಲ. ಹೋಲಿಸಿ ನೋಡಬೇಕಲ್ಲ.

ಕೊನೆಯ ಮನೆ ಕುರಿ ಸಾಕುವ ಹಣಮಂತರಾಯರದು. ಸೊಸೆ ಪೂರ್ಣಿಮಾ ಚೊಚ್ಚಲ ಬಸುರಿ, ಐದು ತಿಂಗಳು. ಹಿಮೋಗ್ಲೋಬಿನ್ ೯.೨. ಜೂನ್‌ನಲ್ಲಿ ೯.೮ ಇತ್ತು. ಬಸುರಿಯರಿಗೆ ಹನ್ನೊಂದಾದರೂ ಇರಬೇಕು. ಗುಳಿಗೆ ತಪ್ಪಿಸಲ್ಲ ಅಂತಾಳೆ.

೩೧ ಜುಲೈ, ಗುರುವಾರ

ಪೂರ್ಣಿಮಾ ೮.೩.

ಇವತ್ತು ನೋಡಿಬಿಟ್ಟೆ. ಉಂಡು ಕೈ ತೊಳೆದಳು, ಗುಳಿಗೆ ಬಾಯಿಗೆ ಹಾಕಿಕೊಂಡಳು, ಮೇಲೆ ಚಾ ಕುಡಿದಳು.

"ದಿನಾ ಚಾದಾಗೇ ನುಂಗ್ತೀಯೇನವ್ವ?"

"ಹೂಂ ರೀ ಅಕ್ಕಾ. ನೀರಿನಾಗ ವಾಂತಿ ಬಂದಂಗ ಆಗ್ತದ. ಮೊದಲ್ನೇ ದಿನ ನಿಮ್ಮ ಮುಂದೇ ಹಿಂಗ ನುಂಗಿದ್ನಲ್ಲ. ನೀವು ಚಲೋ ಆತು ಅಂತ ಬರಕೊಂಡ್ರಿ."

ಬರೆದುಕೊಂಡೆ. ಹೌದು. ಆ ದಿನ ಅವಳ ಅತ್ತೆ ಲಕ್ಷ್ಮಿಬಾಯಿ ತಮ್ಮ ಮನೆಯ ಸ್ಟೀಲ್ ಗ್ಲಾಸಿನಲ್ಲೇ ನನಗೂ ಚಾ ಕೊಟ್ಟಿದ್ದರು. ನಮ್ಮ ಜಾತಿಯವರಿಗೆ ಅಂತ ತೆಗೆದಿಡುವ ಪೇಪರ್ ಕಪ್ ಅಲ್ಲ. ನಾವು ಬೌದ್ಧರು, ಯಾವ ಓಣಿಯವರು ಅಂತೆಲ್ಲ ಮೊದಲೇ ಕೇಳಿ ತಿಳಿದುಕೊಂಡಿದ್ದರು, ಆದರೂ ಕೊಟ್ಟರು. ನಮ್ಮೂರು ಝರಾಸಂಗಂನಿಂದ ಅವ್ವ ಫೋನ್ ಮಾಡಿದರೆ ಮೊದಲು ಕೇಳೋದೇ ಇದು — "ಯಾತರಾಗ ಕೊಟ್ರು?" ನಾನು ಖುಷಿಯಲ್ಲಿ ಗ್ಲಾಸು ನೋಡುತ್ತಾ ಕೂತಿದ್ದೆ. ಎದುರಿಗೆ ಕೂತವಳು ಗುಳಿಗೆಯನ್ನು ಏತರಲ್ಲಿ ನುಂಗಿದಳು ಅಂತ ನೋಡಲೇ ಇಲ್ಲ. ಫಾರ್ಮಿನಲ್ಲಿ 'ಗುಳಿಗೆ ಸರಿಯಾಗಿ ನುಂಗಿದಳು' ಅಂತ ಟಿಕ್ ಹಾಕಿದೆ. ಥೂ, ನನ್ನ ಜನ್ಮಕ್ಕಿಷ್ಟು...

೧ ಆಗಸ್ಟ್, ಶುಕ್ರವಾರ

ಜಹೀರಾಬಾದ್ ಆಫೀಸಿಗೆ ಹೋದೆ, ಪೂರ್ಣಿಮಾಗೆ ಹೇಳಿಬಿಡಲೇ ಅಂತ ಕೇಳಲು. ಕೋಆರ್ಡಿನೇಟರ್ ಕ್ರಾಂತಿಕುಮಾರ ಸರ್ ಪೂರ್ತಿ ಕೇಳಿಸಿಕೊಂಡರು.

"ಒಬ್ಬಾಕಿಗಿ ಹೇಳಿದ್ರ ಸಂಜೀಕ ಊರಿಗೇ ಗೊತ್ತಾಗ್ತದ. ಎರಡು ವರ್ಷದ ಕೆಲಸ ಮಣ್ಣಾಗ್ತದ ನೋಡ್ರಿ ಸ್ವರೂಪಾ."

"ಆಕೀಗಿ ಏನರ ಆದ್ರ ಸರ್?"

"ಏಳರ ಕೆಳಗ ಇಳದ್ರ ನಾವೇ ದವಾಖಾನಿಗಿ ಕಳಸ್ತೀವಲ್ಲ. ರೂಲ್ ಅದ."

ಸರ್ ಕೆಟ್ಟವರಲ್ಲ. ರಿಸಲ್ಟ್ ಬಂದರೆ ಸಾವಿರಾರು ಬಸುರಿಯರಿಗೆ ಉಪಯೋಗ, ಅದು ನಿಜ. ಚಾ ಒಂದರಿಂದಲೇ ಇಳೀತಿದೆ ಅಂತ ಹೇಳಲೂ ಬರಲ್ಲ. ಎಲ್ಲ ಒಪ್ಪಿದರೂ ಸಂಕಟ ಹೋಗ್ತಿಲ್ಲ. ತಪ್ಪು ನಡೆದಿದ್ದು ನನ್ನ ಕಣ್ಣೆದುರಿಗೇ ಅನ್ನೋದನ್ನು ಮಾತ್ರ ಸರ್‌ಗೆ ಹೇಳಲಿಲ್ಲ. ಪಿಎಚ್‌ಡಿ ಸೀಟಿಗೆ ಅವರ ಶಿಫಾರಸು ಪತ್ರ ಬೇಕು.

೩ ಆಗಸ್ಟ್, ಭಾನುವಾರ. ಬೆಳಿಗ್ಗೆ

ಗುಳಿಗೆ ಪುಡಿ ಮಾಡಿ ಹಾಲಿಲ್ಲದ ಚಾಕ್ಕೆ ಹಾಕಿ ನೋಡಿದೆ. ಕಲಕುವಷ್ಟರಲ್ಲಿ ಕಪ್ಪು ಶಾಯಿ. ಪುಸ್ತಕದಲ್ಲಿ ಓದಿದ್ದೇ. ಆದರೂ ಇನ್ನೊಂದು ಗುಳಿಗೆ ಹಾಕಿ ಮತ್ತೆ ನೋಡಿದೆ.

೨೮ ಆಗಸ್ಟ್, ಗುರುವಾರ

೭.೨.

ಪೂರ್ಣಿಮಾ ಬಾಗಿಲು ಹಿಡಿದುಕೊಂಡೇ ಬಂದಳು. ತುಟಿಯಲ್ಲಿ ಬಣ್ಣವಿಲ್ಲ. ಲಕ್ಷ್ಮಿಬಾಯಿ ಓಡಿ ಹೋಗಿ ಚಾ ತಂದು ಅವಳ ಕೈಗಿಟ್ಟರು. "ಎರಡು ಗುಟುಕು ಕುಡದ್ರ ಎದ್ದು ನಿಂದರ್ತಾಳ ನೋಡ್ರಿ. ಅದ್ರ ಮ್ಯಾಲೇ ನಡದದ ಆಕೀದು."

ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಏಳರ ಮೇಲೇ ಇದೆಯಲ್ಲ... ಫಾರ್ಮ್ ತುಂಬಿ ಬಸ್ ಹಿಡಿದೆ. ಹೇಡಿ.

೯ ಸೆಪ್ಟೆಂಬರ್, ಮಂಗಳವಾರ

ವಿಸಿಟ್ ಇರಲಿಲ್ಲ. ಹೋದೆ. ಹನ್ನೆರಡು ದಿನದಿಂದ ನಿದ್ದೆ ಇಲ್ಲ, ಇನ್ನು ಆಗಲ್ಲ.

ಲಕ್ಷ್ಮಿಬಾಯಿಗೆ ಹಾಲು ಹಾಕದ ಚಾ ಕೇಳಿದೆ. ಅವರ ಮುಂದೆಯೇ ಗುಳಿಗೆ ಪುಡಿ ಮಾಡಿ ಹಾಕಿದೆ. ಚಾ ಕಪ್ಪಾಯ್ತು.

"ಹೊಟ್ಟ್ಯಾಗೂ ಹಿಂಗೇ ಅಂಟ್ಕೋತದರಿ ಅಮ್ಮಾರ. ರಕ್ತಕ್ಕ ಹತ್ತಂಗಿಲ್ಲ. ಗುಳಿಗಿ ನೀರಿನಾಗ ನುಂಗಬೇಕು. ಚಾ ಒಂದು ತಾಸು ಬಿಟ್ಟು."

ಅವರು ಗ್ಲಾಸು ನೋಡಿದರು. ಆಮೇಲೆ ನನ್ನ ಮುಖ.

"ಇದು ನಿನಗ ಯಾವಾಗಿಂದ ಗೊತ್ತದವ್ವ?"

"ಮೊದಲಿಂದ್ಲೂ ಗೊತ್ತದರಿ."

ಆ ಗ್ಲಾಸು ಎತ್ತಿಕೊಂಡು ಹೋಗಿ ಅಂಗಳಕ್ಕೆ ಚೆಲ್ಲಿದರು. ನಾಲ್ಕು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪೂರ್ಣಿಮಾಳ ಬೆರಳು ಚುಚ್ಚಿದೆ — ೬.೬. ಗಂಡ ಸಿದ್ದರಾಮ ಆಟೋ ತಂದ. ನಾರಾಯಣಖೇಡದ ದವಾಖಾನೆಯಲ್ಲಿ ಅಡ್ಮಿಟ್. ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮೊದಲ ದಿನದ ಟಿಕ್ ಕೂಡ. ಸರ್ ಫೋನ್ ಇಟ್ಟುಬಿಟ್ಟರು.

೧೦ ಸೆಪ್ಟೆಂಬರ್, ಬುಧವಾರ. ದವಾಖಾನೆ, ಮಧ್ಯಾಹ್ನ ೩

ರಕ್ತ ಏರಿಸುತ್ತಿದ್ದಾರೆ. ಮಗು ಮಿಸುಕಾಡುತ್ತಿದೆ, ತೂಕ ಕಮ್ಮಿ ಅಂದರು ಡಾಕ್ಟರಮ್ಮ. ಈಗಲೇ ಏನೂ ಹೇಳಲು ಬರಲ್ಲವಂತೆ.

ಸರ್ ಮೆಸೇಜ್ — ಐಡಿ ಕಾರ್ಡ್, ರಕ್ತ ನೋಡುವ ಮೆಶೀನ್ ಶುಕ್ರವಾರ ವಾಪಸ್ ಕೊಡಬೇಕು. ಕೊಡ್ತೀನಿ. ಕೆಲಸ ಹೋಯ್ತು ಅಂತ ಅಷ್ಟು ದುಃಖವಿಲ್ಲ.

ಪೂರ್ಣಿಮಾ ಈಗಷ್ಟೇ ಎದ್ದಿದ್ದಳು. ದನಿ ಸಣ್ಣಗಿತ್ತು.

"ಅಕ್ಕಾ, ಕಂಗ್ಟಿ ಕಡಿ ನಮ್ಮ ಚಿಕ್ಕವ್ವನ ಮಗಳಿಗಿ ಹೇಳೀರಂತ. ಆಕೀನೂ ಬಸರ ಇದ್ದಾಳ. ಆಕೀದು ಹನ್ನೊಂದು ಅದಂತ. ನನಗ್ಯಾಕ ಹೇಳಲಿಲ್ರಿ?"

ಸಿಟ್ಟಿನಿಂದ ಕೇಳಲಿಲ್ಲ. ಗೊತ್ತಿಲ್ಲ ಅಂತ ಕೇಳಿದಳು.

ಯಾವ ಕಡೆ ಹೇಳೋದು, ಯಾವ ಕಡೆ ಬಿಡೋದು ಅಂತ ಆಫೀಸಿನಲ್ಲಿ ಚೀಟಿ ಹಾಕಿದ್ದೆವು. ಸ್ಟಡಿಯಲ್ಲಿ ಹಾಗೇ ಮಾಡೋದು, ಯಾರ ಪಕ್ಷವೂ ಆಗಬಾರದು ಅಂತ. ಎತ್ತಿದ್ದು ನಾನು. ನಗುತ್ತಾ ಎತ್ತಿದ್ದೆ, ಎಲ್ಲರೂ ಚಪ್ಪಾಳೆ ಹೊಡೆದಿದ್ದರು.

ಲಕ್ಷ್ಮಿಬಾಯಿಯೂ ಮಂಚದ ಹತ್ತಿರ ಬಂದು ನಿಂತರು, ಕೇಳಲಿಕ್ಕೆ. ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಹೇಳಲು ಶುರು ಮಾಡಿದೆ — "ಎರಡು ಚೀಟಿ ಇದ್ದವವ್ವ ಪೂರ್ಣಿಮಾ, ನಾ ಕಣ್ಣು ಮುಚ್ಚಿ ಒಂದು ಎತ್ತಿದ್ನಿ. ನಿಮ್ಮ ಕಡಿಗಿ ಹೇಳಬಾರದು ಅಂತ ಬಂತು."